ಕೃಷಿ ಮೇಳ ಕಟ್ಟುವವರು ಮತ್ತು ನಮ್ಮ ಸಂಘ

(ಸಂಘದ ಬೆಳ್ಳಿಹಬ್ಬದ ಸರ್ವ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂದರ್ಭದಲ್ಲಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಹೇಳಿಕಳಿಸಿದ್ದರು. ಸಂಘದ ಸಾಧನೆಗಳನ್ನು ವರದಿಯಲ್ಲಿ ಅವರೇ ಚೆನ್ನಾಗಿ ಓದಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಊಟದ ಹೊತ್ತು ಮೀರಿಸುವುದಿಲ್ಲ. ಇವತ್ತಿನ ಕಾರ್ಯಸೂಚಿಯಲ್ಲಿ ಒಂದು ವಿಷಯ ಇದೆ: ಸಂಘದಿಂದಲೇ ಉಳುಮೆ, ಬಿತ್ತನೆ, ಕಟಾವಿನ ಯಂತ್ರಗಳನ್ನು ಇಟ್ಟುಕೊಂಡು ಸದಸ್ಯರಿಗೆ ಬಾಡಿಗೆಗೆ ಕೊಡುವ ಪ್ರಸ್ತಾಪ. ಅದಕ್ಕೆ ಕೈ ಎತ್ತುವ ಮೊದಲು ನಮ್ಮ ಮಗ್ಗುಲಲ್ಲೇ ನಡೆಯುವ ಕೃಷಿ ಮೇಳದ ಬಗ್ಗೆ, ಅದರಲ್ಲೂ ಅದನ್ನು ಕಟ್ಟುವವರ ಬಗ್ಗೆ ಸ್ವಲ್ಪ ಮಾತಾಡೋಣ ಅಂತ ನಮ್ಮ ಆಸೆ. ಎರಡಕ್ಕೂ ಸಂಬಂಧ ಇದೆ.

ಹೆಬ್ಬಾಳದ ಮೇಲ್ಸೇತುವೆ ದಾಟಿ ಯಲಹಂಕದ ಕಡೆ ಬರುವಾಗ ಸಿಗುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಅಂದರೆ ನಮ್ಮೆಲ್ಲರ ಬಾಯಲ್ಲಿ ಜಿಕೆವಿಕೆ, ಯಾರಿಗೆ ಗೊತ್ತಿಲ್ಲ? ನವೆಂಬರ್ ಬಂತೆಂದರೆ ಅಲ್ಲಿ ನಾಲ್ಕು ದಿನ ಮೇಳ. 2025ರಲ್ಲಿ 13ರಿಂದ 16ರವರೆಗೆ ನಡೆಯಿತು. ಕೋಲಾರ, ತುಮಕೂರು, ರಾಮನಗರ, ಮಂಡ್ಯದ ಕಡೆಯಿಂದೆಲ್ಲ ಬಸ್ಸು, ಟೆಂಪೋ ಮಾಡಿಕೊಂಡು ಜನ ಬರುತ್ತಾರೆ. ನಮ್ಮವರು ಮಾತ್ರ "ಇಲ್ಲೇ ಇದೆಯಲ್ಲ, ನಾಳೆ ಹೋದರಾಯ್ತು" ಅಂತ ಅಂದು ನಾಲ್ಕನೇ ದಿನ ಸಂಜೆ ಹೋಗಿ, ಮಳಿಗೆಯವರು ಸಾಮಾನು ಕಟ್ಟುತ್ತಿರುವುದನ್ನು ನೋಡಿಕೊಂಡು, ಮುದ್ದೆ ಊಟ ಮಾಡಿ ಬರುತ್ತಾರೆ. ಮುದ್ದೆ ಊಟ ಬೇಡ ಅನ್ನುತ್ತಿಲ್ಲ. ಆದರೆ ಊಟ ಮಾಡುವುದಕ್ಕೇ ಆದರೆ ಮನೆ ಸಾಕು.

ನಮ್ಮ ಸೀಮೆಗೆ ಒಂದು ವಿಚಿತ್ರ ಅದೃಷ್ಟ. ಯಲಹಂಕ ವಾಯುನೆಲೆಯಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ಆಕಾಶದ ಯಂತ್ರಗಳ ಪ್ರದರ್ಶನ, ಜಿಕೆವಿಕೆಯಲ್ಲಿ ಪ್ರತಿ ವರ್ಷ ನೆಲದ ಯಂತ್ರಗಳ ಪ್ರದರ್ಶನ. ವಿಮಾನ ನೋಡಲು ನಮ್ಮ ಮಕ್ಕಳು ಮಾಳಿಗೆ ಹತ್ತುತ್ತಾರೆ. ನೋಡಲಿ, ತಪ್ಪಲ್ಲ. ಆದರೆ ನಮ್ಮ ಹೊಲಕ್ಕೆ ಇಳಿಯುವುದು ಆ ವಿಮಾನವಲ್ಲ.

ಈ ಮೇಳ ಇದ್ದಕ್ಕಿದ್ದ ಹಾಗೆ ಹುಟ್ಟಿದ್ದಲ್ಲ. ಅದರ ಬೇರು ಹೆಬ್ಬಾಳದಲ್ಲಿದೆ. 1899ರಲ್ಲಿ ಮೈಸೂರಿನ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು ಕೃಷಿ ಪ್ರಯೋಗಕ್ಕೆ ದಾರಿ ಮಾಡಿದರು. ಡಾ. ಲೆಹ್ಮನ್ ಎಂಬುವರು ಅಲ್ಲಿ ಮಣ್ಣು, ಗೊಬ್ಬರಗಳ ಪರೀಕ್ಷೆ ಶುರು ಮಾಡಿದರು. ಅವರ ನಂತರ 1908ರಲ್ಲಿ ಕೆನಡಾ ದೇಶದಿಂದ ಬಂದವರು ಡಾ. ಲೆಸ್ಲಿ ಕೋಲ್ಮನ್. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿದವರು ಇವರೇ. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಬಂತು. ನಡುವೆ ಕೆಲವು ವರ್ಷ ಊರಿಗೆ ಹೋಗಿದ್ದು ಬಿಟ್ಟರೆ 1934ರವರೆಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದರು. ಲೆಕ್ಕ ಹಾಕಿ: ಬಂದದ್ದಕ್ಕೂ ಹೋದದ್ದಕ್ಕೂ ನಡುವೆ ಇಪ್ಪತ್ತಾರು ವರ್ಷ. ಹೆಚ್ಚೂಕಮ್ಮಿ ನಮ್ಮ ಸಂಘದ ವಯಸ್ಸು. ಒಬ್ಬ ಮನುಷ್ಯ ಒಂದೇ ಕೆಲಸಕ್ಕೆ ಅಂಟಿಕೊಂಡರೆ ಏನಾಗುತ್ತೆ ಅನ್ನುವುದಕ್ಕೆ ಹೆಬ್ಬಾಳ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ನಾಲಾ ಬಯಲಿನ ಫಾರಂ ಇವೆಲ್ಲ ಸಾಕ್ಷಿ.

ಹೆಬ್ಬಾಳದಲ್ಲಿ 1946ರಲ್ಲಿ ಕೃಷಿ ಕಾಲೇಜಾಯಿತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಹುಟ್ಟಿತು, ಡಾ. ಕೆ.ಸಿ. ನಾಯಕ್ ಮೊದಲ ಕುಲಪತಿಗಳು. 1969ರ ಜುಲೈನಲ್ಲಿ ಆಗಿನ ಪ್ರಧಾನಿ ಇಂದಿರಾ ಗಾಂಧಿಯವರು ಜಿಕೆವಿಕೆಗೆ ಅಡಿಗಲ್ಲು ಹಾಕಿದರು. ಈ ವಿಶ್ವವಿದ್ಯಾನಿಲಯದ ಕಲ್ಪನೆಯಲ್ಲೇ ಒಂದು ವಿಶೇಷ ಇತ್ತು. ಪಾಠ ಹೇಳುವುದು, ಸಂಶೋಧನೆ ಮಾಡುವುದು, ಅದನ್ನು ರೈತನಿಗೆ ಮುಟ್ಟಿಸುವುದು, ಈ ಮೂರೂ ಒಂದೇ ಸೂರಿನಡಿ ಇರಬೇಕು ಅಂತ. ಮೂರನೆಯದಕ್ಕೆ ವಿಸ್ತರಣೆ ಅಂತ ಹೆಸರು. ವಿಸ್ತರಣಾ ಶಿಕ್ಷಣದಲ್ಲಿ ಪಳಗಿ ಮುಂದೆ ಕುಲಪತಿಗಳೂ ಆದ ಡಾ. ಆರ್. ದ್ವಾರಕಿನಾಥ್ ಅವರ ಹೆಸರನ್ನು ಇಲ್ಲಿ ನೆನೆಯದೆ ಇರಲಾಗದು. ಅವರ ಹೆಸರಿನಲ್ಲಿ, ಮತ್ತೆ ಸಿ. ಬೈರೇಗೌಡರ, ಡಾ. ಎಂ.ಎಚ್. ಮರೀಗೌಡರ ಹೆಸರಿನಲ್ಲಿ ಮೇಳದಲ್ಲಿ ಪ್ರಶಸ್ತಿ ಕೊಡುತ್ತಾರೆ.

ಹಾಗಾದರೆ ಮೇಳ ಕಟ್ಟುವವರು ಯಾರು? ಆಹ್ವಾನ ಪತ್ರಿಕೆ ತೆಗೆದು ನೋಡಿದರೆ ಮಂತ್ರಿಗಳು, ಕುಲಪತಿಗಳು, ವಿಸ್ತರಣಾ ನಿರ್ದೇಶಕರು ಎಲ್ಲರ ಹೆಸರೂ ಇರುತ್ತೆ. ಅವರು ಇರಬೇಕು. ಆದರೆ ಅವರೆಲ್ಲ ಬದಲಾಗುತ್ತಾ ಇರುತ್ತಾರೆ. ಪತ್ರಿಕೆಯಲ್ಲಿ ಹೆಸರು ಬಾರದ ಜನ ಒಂದಷ್ಟಿದ್ದಾರೆ. ತಾಕು ಗುರುತು ಮಾಡುವವರು, ಬಿತ್ತುವವರು, ಕಳೆ ತೆಗೆಸುವವರು, ಮಳಿಗೆಗೆ ಜಾಗ ಅಳೆಯುವವರು, ನೀರಿನ ಪೈಪು ಎಳೆಸುವವರು. ಮೇಳ ನವೆಂಬರಿನಲ್ಲಿ ಅಂತ ನಾವು ತಿಳಿದಿದ್ದೇವೆ. ಅವರಿಗೆ ಮೇಳ ಜುಲೈಗೇ ಶುರು. ಹೇಗೆ ಅಂತೀರೋ? ಜಿ.ಪಿ.ಯು.-28 ರಾಗಿ 110ರಿಂದ 115 ದಿನಕ್ಕೆ ಕಟಾವಿಗೆ ಬರುವ ತಳಿ. ನವೆಂಬರ್ ಮಧ್ಯದಲ್ಲಿ ನೀವು ಹೋದಾಗ ತೆನೆ ಬಲಿತು ನಿಂತಿರಬೇಕಾದರೆ ಜುಲೈ ಕೊನೆಯ ವಾರ ಬೀಜ ಮಣ್ಣಿಗೆ ಬಿದ್ದಿರಬೇಕು. ಹತ್ತು ದಿನ ಮುಂಚೆ ಬಿತ್ತಿದರೆ ಮೇಳಕ್ಕೆ ಮುಂಚೆಯೇ ಒಣಗುತ್ತೆ, ತಡವಾದರೆ ಹಸಿರಾಗೇ ಇರುತ್ತೆ. ಮಳೆ ಹೇಳಿದ ದಿನ ಬರುವುದಿಲ್ಲ, ಮೇಳದ ದಿನ ಮುಂದಕ್ಕೆ ಹಾಕುವ ಹಾಗಿಲ್ಲ. ಮದುವೆಗೆ ಲಗ್ನ ಇಟ್ಟ ಮೇಲೆ ಗಂಡಿನ ಕಡೆಯವರಿಗೆ ಇರುವ ಆತಂಕವೇ ಇದು, ವರ್ಷ ವರ್ಷವೂ.

2020ರಲ್ಲಿ ಕೊರೊನಾ ಕಾಲದಲ್ಲೂ ಮೇಳ ನಿಲ್ಲಲಿಲ್ಲ. ಜನ ಕಡಿಮೆ ಮಾಡಿ, ಹೆಚ್ಚಿನದನ್ನು ಫೋನಿನಲ್ಲೇ ನೋಡುವ ಹಾಗೆ ಮಾಡಿ ಮುಗಿಸಿದರು. ಮಾರನೆಯ ವರ್ಷದ ಮೇಳ ನಿಮಗೆಲ್ಲ ಜ್ಞಾಪಕ ಇರಬಹುದು, ಕೃಷ್ಣ ಅನ್ನುವ ಹಳ್ಳಿಕಾರ್ ಹೋರಿಗೆ ಒಂದು ಕೋಟಿ ಬೆಲೆ ಅಂತ ಟಿ.ವಿ.ಯಲ್ಲೆಲ್ಲ ಬಂತಲ್ಲ, ಆ ವರ್ಷ. ಹೋರಿಯನ್ನು ನೋಡಲು ನಮ್ಮ ಹಟ್ಟಿಯೇ ಹೋಗಿತ್ತು. ಅದೇ ಮೇಳದಲ್ಲಿ ಯಾವ ಯಂತ್ರ ನೋಡಿದಿರಿ ಅಂತ ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ಹೋರಿ ಚೆಂದವೇ. ಆದರೆ ಅದೇ ನವೆಂಬರಿನಲ್ಲಿ ಬಿಡದೆ ಸುರಿದ ಮಳೆಗೆ ಈ ಭಾಗದಲ್ಲೆಲ್ಲ ಹೊಲದಲ್ಲೇ ರಾಗಿ ಮಲಗಿ ತೆನೆ ಮೊಳಕೆ ಒಡೆಯಿತು. ಬೇಗ ಕೊಯ್ಲು ಮಾಡಿದ್ದರೆ ಉಳಿಯುತ್ತಿತ್ತು. ಕೊಯ್ಯಲು ಆಳಿರಲಿಲ್ಲ.

ದೂರದ ಒಂದು ದೇಶದ ಮಾತು ಹೇಳುತ್ತೇವೆ. ಐರ್ಲೆಂಡ್ ಅಂತ, ಇಂಗ್ಲೆಂಡಿನ ಪಕ್ಕದ ದ್ವೀಪ. ಅಲ್ಲಿ ಜೆ.ಜೆ. ಬರ್ಗಿನ್, ಡೆನಿಸ್ ಅಲೆನ್ ಅನ್ನುವ ಇಬ್ಬರಿಗೆ ಯಾರ ಜಿಲ್ಲೆಯವರು ಚೆನ್ನಾಗಿ ಉಳುತ್ತಾರೆ ಅಂತ ವಾದ ಹತ್ತಿತಂತೆ. ಅದು 1931ರಲ್ಲಿ ಉಳುಮೆ ಪಂದ್ಯವಾಗಿ ಅಥೈ ಎಂಬ ಊರಿನಲ್ಲಿ ನಡೆಯಿತು. ಕುದುರೆ ನೇಗಿಲಿನ ಪಂದ್ಯ ಬರುಬರುತ್ತಾ ಟ್ರ್ಯಾಕ್ಟರು, ಕಟಾವು ಯಂತ್ರ, ಹಾಲು ಕರೆಯುವ ಯಂತ್ರ ಎಲ್ಲ ಸೇರಿ ಲಕ್ಷಗಟ್ಟಲೆ ಜನ ಸೇರುವ ಮೇಳವಾಯಿತು. ಅದರಲ್ಲಿ 1951ರಲ್ಲಿ ಕಚೇರಿ ಕೆಲಸಕ್ಕೆ ಅಂತ ಸೇರಿದ ಒಬ್ಬ ಹೆಣ್ಣುಮಗಳು ಅನ್ನಾ ಮೇ ಮೆಕ್‌ಹ್ಯೂ. 1973ರಲ್ಲಿ ಅವರೇ ವ್ಯವಸ್ಥಾಪಕ ನಿರ್ದೇಶಕರಾದರು. ಅಲ್ಲಿಂದ ಅರ್ಧ ಶತಮಾನ ಆ ಹೊಣೆ ಹೊತ್ತರು. 2018ರಲ್ಲಿ ಮೇಳದ ಎರಡನೇ ದಿನ ಬಿರುಗಾಳಿ ಎದ್ದು ಆ ದಿನದ ಕಾರ್ಯಕ್ರಮವೇ ರದ್ದಾಯಿತು. ಮೇಳವನ್ನು ಒಂದು ದಿನ ಹೆಚ್ಚಿಸಿ ಪೂರೈಸಿದರು. ತಾಯಂದಿರು ಗಮನಿಸಬೇಕು. ಉಳುಮೆ ಗಂಡಸರ ಕೆಲಸ ಅಂತ ನಾವು ಅನ್ನುತ್ತೇವೆ, ಅಲ್ಲಿ 1955ರಿಂದ ಹೆಣ್ಣುಮಕ್ಕಳ ಉಳುಮೆ ಪಂದ್ಯವೂ ಇದೆ, ಮೇಳ ನಡೆಸಿದ್ದೂ ಒಬ್ಬ ಹೆಣ್ಣುಮಗಳು.

ನಮ್ಮಲ್ಲಿ ಆ ರೀತಿ ಒಬ್ಬರೇ ಐವತ್ತು ವರ್ಷ ಇರಲು ಸರ್ಕಾರಿ ನೌಕರಿಯ ನಿಯಮ ಬಿಡುವುದಿಲ್ಲ. ನಿವೃತ್ತಿ ಇದೆ, ವರ್ಗಾವಣೆ ಇದೆ. ಹಾಗಿದ್ದೂ ಮೇಳ ದಶಕಗಳಿಂದ ನಡೆದುಬಂದಿದೆ ಅಂದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಲಸ ಸರಿಯಾಗಿ ದಾಟಿದೆ ಎಂದೇ ಅರ್ಥ. ಇದನ್ನು ನಾವು ಸಣ್ಣ ವಿಷಯ ಅಂದುಕೊಳ್ಳುವುದಿಲ್ಲ.

ಇನ್ನು ನಮ್ಮ ಹೊಲಕ್ಕೆ ಬರೋಣ. ಮೇಳದಲ್ಲಿ ಯಂತ್ರಕ್ಕೇನೂ ಬರವಿಲ್ಲ. ಪವರ್ ಟಿಲ್ಲರು, ಕಳೆ ತೆಗೆಯುವ ಸಣ್ಣ ಮಿಷನ್ನು, ಮೇವು ಕತ್ತರಿಸುವುದು, ಬಿತ್ತುವ ಕೂರಿಗೆ, ಔಷಧಿ ಹೊಡೆಯುವ ಡ್ರೋನು, ದೊಡ್ಡ ಕಟಾವು ಮಿಷನ್ನು, ಎಲ್ಲ ಇದೆ. ಅವುಗಳಲ್ಲಿ ನಮ್ಮ ರಾಗಿಗೆ ಒಗ್ಗುವುದು ಯಾವುದು ಅನ್ನುವುದೇ ಪ್ರಶ್ನೆ.

ನಮ್ಮ ಹಿರಿಯರು ರಾಗಿ ಹೊಲದಲ್ಲಿ ಬರೀ ರಾಗಿ ಬೆಳೆದವರಲ್ಲ. ಕೂರಿಗೆಯ ಹಿಂದೆ ಸಡ್ಡೆ ಕಟ್ಟಿ ಅಕ್ಕಡಿ ಸಾಲು ಬಿಡುತ್ತಿದ್ದರು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ನಾಲ್ಕು ಗಿಡ ಜೋಳ. ರಾಗಿ ಕೈಕೊಟ್ಟರೆ ಅವರೆ ಕೈ ಹಿಡಿಯುತ್ತಿತ್ತು. ರಾಗಿ ಕೊಯ್ದ ಮೇಲೆ ಅವರೆ ಇನ್ನೂ ನಿಂತಿರುತ್ತಿತ್ತು, ಸೊಗಡಿನ ಕಾಲಕ್ಕೆ ಕಾಯಿ ಕೊಡುತ್ತಿತ್ತು. ಈಗ ಕಟಾವು ಮಿಷನ್ನು ಇಳಿಯಬೇಕಾದರೆ ಅಕ್ಕಡಿ ಇರುವ ಹಾಗಿಲ್ಲ. ಅದಕ್ಕೆ ರಾಗಿ ಯಾವುದು, ಅವರೆ ಯಾವುದು ಅಂತ ಗೊತ್ತಾಗುವುದಿಲ್ಲ, ಸಿಕ್ಕಿದ್ದನ್ನೆಲ್ಲ ನುಂಗುತ್ತೆ. ಮಿಷನ್ನಿಗೆ ಬೇಕಾದಂತೆ ಹೊಲವನ್ನು ಬದಲಾಯಿಸುತ್ತಾ ಹೋದರೆ ಅವರೆಕಾಯಿಯನ್ನು ಕೊಂಡು ತಿನ್ನಬೇಕಾಗುತ್ತೆ. ಈಗಾಗಲೇ ಎಷ್ಟೋ ಮನೆಗಳಲ್ಲಿ ಕೊಂಡು ತಿನ್ನುತ್ತಿದ್ದೇವೆ.

ಎರಡನೆಯ ಮಾತು ಹುಲ್ಲು. ಮನೆಯಲ್ಲಿ ಎರಡು ಸೀಮೆ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವರಿಗೆ ರಾಗಿ ಹುಲ್ಲು ರಾಗಿಯಷ್ಟೇ ಮುಖ್ಯ. ಕೈಯಲ್ಲಿ ಬುಡಕ್ಕೆ ಕೊಯ್ದು, ಕಟ್ಟು ಕಟ್ಟಿ, ಬಣವೆ ಹಾಕಿ, ಆಮೇಲೆ ಬಡಿದ ಹುಲ್ಲು ವರ್ಷ ಬರುತ್ತೆ. ಕಟಾವು ಮಿಷನ್ನು ಮೇಲೆ ಮೇಲೆ ಕೊಯ್ಯುತ್ತೆ, ಹುಲ್ಲು ಮುರಿದು ಚೆಲ್ಲುತ್ತೆ. ಅದನ್ನು ಒಟ್ಟು ಮಾಡುವುದು ಇನ್ನೊಂದು ಕೆಲಸ. ಕಾಳು ಸಹ ಹಸಿಯಾಗೇ ಬರುವುದರಿಂದ ಒಣಗಿಸದೆ ಚೀಲಕ್ಕೆ ತುಂಬಿದರೆ ಮುಗ್ಗು ಹಿಡಿಯುತ್ತೆ. ಇದನ್ನೆಲ್ಲ ಹೇಳುತ್ತಿರುವುದು ಮಿಷನ್ನು ಬೇಡ ಅಂತ ಅಲ್ಲ. ಮುಯ್ಯಾಳು ಹೋಯಿತು. ಕೂಲಿಗೆ ಕರೆದರೆ ಜನ ಇಲ್ಲ, ಹುಡುಗರು ವಿಮಾನ ನಿಲ್ದಾಣದ ಕಡೆ ಕೆಲಸಕ್ಕೆ ಹೋದರು. 2008ರಲ್ಲಿ ನಿಲ್ದಾಣ ಬಂದ ಮೇಲೆ ಈ ಕಡೆಯ ಊರುಗಳು ಹೇಗಾಗಿವೆ ಅಂತ ನಿಮಗೆ ನಾವು ಹೇಳಬೇಕೇ. ಕಣವೂ ಇಲ್ಲ, ರೋಣಗಲ್ಲೂ ಇಲ್ಲ. ಟಾರು ರಸ್ತೆಯೇ ಕಣವಾಗಿ, ಹೋಗಿ ಬರುವ ವಾಹನಗಳೇ ರೋಣಗಲ್ಲಾದವು. ರಾತ್ರಿ ಹೊತ್ತು ಆ ಹುಲ್ಲಿನ ಮೇಲೆ ಸ್ಕೂಟರು ಜಾರಿ ಬಿದ್ದವರು ನಮ್ಮ ನಿಮ್ಮ ಮನೆಯ ಮಕ್ಕಳೇ. ಹಾಗಾಗಿ ಯಂತ್ರ ಬೇಕು. ಆದರೆ ಕೊಯ್ಯುವುದಕ್ಕೆ ಬೇರೆ ಸಣ್ಣ ಯಂತ್ರ, ಬಡಿಯುವುದಕ್ಕೆ ಬೇರೆ ಯಂತ್ರ ಇದ್ದರೆ ಅಕ್ಕಡಿಯೂ ಉಳಿದೀತು, ಹುಲ್ಲೂ ಉಳಿದೀತು ಅನ್ನುವುದು ನಮ್ಮ ಅಭಿಪ್ರಾಯ. ಬೇರೆ ಅಭಿಪ್ರಾಯ ಇದ್ದವರು ಚರ್ಚೆಯಲ್ಲಿ ಹೇಳಿ.

ಯಂತ್ರ ತಾವೇ ಕೊಳ್ಳುತ್ತೇವೆ ಅನ್ನುವವರಿಗೆ ಒಂದು ಲೆಕ್ಕ. 2015-16ರ ಕೃಷಿ ಗಣತಿಯಲ್ಲಿ ನಮ್ಮ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರು. ನಮ್ಮ ಭಾಷೆಯಲ್ಲಿ 2 ಎಕರೆ 27 ಗುಂಟೆ. ಅದೂ ಸರಾಸರಿ, ನಮ್ಮಲ್ಲಿ ಎಷ್ಟೋ ಜನಕ್ಕೆ ಗುಂಟೆಯ ಲೆಕ್ಕವೇ. ವರ್ಷಕ್ಕೆ ಮೂರು ದಿನ ಕೆಲಸವಿರುವ ಯಂತ್ರವನ್ನು ಕೊಂಡು ಕೊಟ್ಟಿಗೆಯಲ್ಲಿ ನಿಲ್ಲಿಸಿದರೆ ಕೋಳಿ ಮೊಟ್ಟೆ ಇಡಲು ಅನುಕೂಲವಾದೀತು ಅಷ್ಟೆ. ಸರ್ಕಾರ 2014-15ರಿಂದ ಕೃಷಿ ಯಂತ್ರಧಾರೆ ಅಂತ ಹೋಬಳಿ ಮಟ್ಟದಲ್ಲಿ ಬಾಡಿಗೆ ಕೇಂದ್ರಗಳನ್ನು ತೆರೆಯಿತು, ಒಳ್ಳೆಯ ಯೋಚನೆ. ಆದರೆ ಸುಗ್ಗಿ ಎಲ್ಲರಿಗೂ ಒಂದೇ ವಾರ. ಒಂದು ಹೋಬಳಿಗೆ ಒಂದು ಯಂತ್ರ ಎಷ್ಟು ಹೊಲ ತಲುಪೀತು?

ಇಲ್ಲಿ ಮೇಳ ಕಟ್ಟುವವರಿಂದ ಕಲಿಯುವುದಿದೆ. ಬಾಡಿಗೆ ಗಂಟೆಯ ಲೆಕ್ಕ. ಒಂದು ದಿನ ಹತ್ತು ಜನರ ಸಣ್ಣ ಸಣ್ಣ ಹೊಲ ಇದೆ, ಒಂದೊಂದು ಒಂದೊಂದು ದಿಕ್ಕಿಗೆ ಅಂದುಕೊಳ್ಳಿ. ಹೊಲದಿಂದ ಹೊಲಕ್ಕೆ ಹೋಗಲು 20 ನಿಮಿಷ ಹಿಡಿದರೆ ಹತ್ತಕ್ಕೆ 200 ನಿಮಿಷ, ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷ ಯಂತ್ರ ಬರೀ ದಾರಿ ಸವೆಸಿತು. ಅದೇ ಒಂದೇ ಮಗ್ಗುಲಿನ ಹತ್ತು ಹೊಲ ಒಂದೇ ದಿನ ಬಂದರೆ ಬದು ದಾಟುವಷ್ಟು ಹೊತ್ತು ಸಾಕು. ಹಾಗೆ ಆಗಬೇಕಾದರೆ ಬಿತ್ತನೆಯೂ ಹೆಚ್ಚೂಕಮ್ಮಿ ಒಂದೇ ವಾರ ಆಗಿರಬೇಕು, ತಳಿಯೂ ಒಂದೇ ಇರಬೇಕು. ನವೆಂಬರಿನ ಕಟಾವನ್ನು ಜುಲೈಯಲ್ಲೇ ಕೂತು ಮಾತಾಡಬೇಕು. ಜಿಕೆವಿಕೆಯವರು ತಾಕುಗಳಿಗೆ ಮಾಡುವುದನ್ನೇ ನಾವು ಊರಿಗೆ ಮಾಡಬೇಕು.

ಇದು ನಮಗೆ ಹೊಸದೂ ಅಲ್ಲ. ಕೆರೆ ತುಂಬಿದ್ದ ಕಾಲದಲ್ಲಿ ನೀರಗಂಟಿ ಇರಲಿಲ್ಲವೇ? ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾರದು ಮೊದಲು, ಯಾರದು ಆಮೇಲೆ, ಎಲ್ಲ ಅವನ ತಲೆಯಲ್ಲಿತ್ತು. ಗೌಡನ ಗದ್ದೆಗೂ ಸರದಿಯೇ, ಬಡವನ ಗದ್ದೆಗೂ ಸರದಿಯೇ. ಅವನಿಗೆ ಸುಗ್ಗಿಯಲ್ಲಿ ಇಷ್ಟು ಅಂತ ಕಾಳು ಕೊಡುತ್ತಿದ್ದರು. ತಪ್ಪಿದರೆ ಊರೇ ಕೇಳುತ್ತಿತ್ತು. ಕೆರೆಗಳು ಬತ್ತಿದವು, ಕೆಲವು ಬಡಾವಣೆಗಳೂ ಆದವು, ನೀರಗಂಟಿಯ ಕೆಲಸವೂ ಮರೆಯಿತು. ಸಂಘಕ್ಕೆ ಈಗ ಯಂತ್ರದ ನೀರಗಂಟಿ ಒಬ್ಬರು ಬೇಕು. ಯಂತ್ರಕ್ಕೆ ದುಡ್ಡು ಹೇಗಾದರೂ ಹೊಂದೀತು. ಸಂಘದಂಥ ಸಂಸ್ಥೆ ಬಾಡಿಗೆ ಕೇಂದ್ರ ಮಾಡುವುದಾದರೆ ಕೇಂದ್ರದ ಯಾಂತ್ರೀಕರಣ ಯೋಜನೆಯ ನಿಯಮದಲ್ಲಿ ಶೇ. 40ರವರೆಗೆ ಸಹಾಯಧನಕ್ಕೆ ಅವಕಾಶ ಇಟ್ಟಿದ್ದಾರೆ. ಮಿತಿ, ಷರತ್ತು ವರ್ಷ ವರ್ಷ ಬದಲಾಗುತ್ತೆ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು. ಆದರೆ ಸರದಿ ಬರೆಯುವ ಮನುಷ್ಯನಿಗೆ ಸಹಾಯಧನ ಇಲ್ಲ. ಅವನ ಸಂಬಳವನ್ನು ನಾವೇ ಕೊಡಬೇಕು. ಚುನಾವಣೆಯಲ್ಲಿ ಮಂಡಲಿ ಬದಲಾಯಿತು ಅಂತ ಅವನನ್ನೂ ಬದಲಾಯಿಸಿದರೆ ಎರಡೇ ಸುಗ್ಗಿಯಲ್ಲಿ ಯಂತ್ರ ತುಕ್ಕು ಹಿಡಿಯುತ್ತೆ. ಹಾಗಾಗಿ ಪ್ರಸ್ತಾಪದಲ್ಲಿ ಒಂದು ತಿದ್ದುಪಡಿ ಸೂಚಿಸುತ್ತೇವೆ. ಯಂತ್ರ ಕೊಳ್ಳುವ ಠರಾವಿನ ಜೊತೆಯಲ್ಲೇ ಸರದಿ ನೋಡಿಕೊಳ್ಳುವವರ ನೇಮಕ, ಸಂಬಳ, ಕನಿಷ್ಠ ಐದು ವರ್ಷದ ಅವಧಿ, ಇವನ್ನೂ ಸೇರಿಸಬೇಕು. ಅದಿಲ್ಲದೆ ಬರೀ ಯಂತ್ರಕ್ಕೆ ನಮ್ಮ ಒಪ್ಪಿಗೆ ಇಲ್ಲ. ಲೆಕ್ಕ ಬರೆಯಬಲ್ಲ, ಊರಿನ ಹೊಲಗಳ ಗುರುತಿರುವ ನಮ್ಮ ಹೆಣ್ಣುಮಕ್ಕಳಲ್ಲೇ ಯಾರಾದರೂ ಮುಂದೆ ಬಂದರೆ ಇನ್ನೂ ಸಂತೋಷ.

ಕೊನೆಯದಾಗಿ, ಮುಂದಿನ ಮೇಳಕ್ಕೆ ಸಂಘದಿಂದ ಮೊದಲ ದಿನವೇ ಬಸ್ಸು ಹೊರಡುತ್ತೆ. ಹೋದವರು ಮಳಿಗೆಯವರು ಕೊಡುವ ಕಾಗದ ಚೀಲಕ್ಕೆ ತುಂಬಿಕೊಂಡು ಬಂದರೆ ಸಾಲದು. ನಮ್ಮ ಕೆಂಪು ಮಣ್ಣಿನಲ್ಲಿ ಓಡಿಸಿ ತೋರಿಸಿ ಅಂತ ಕೇಳಿ. ಮಲಗಿದ ರಾಗಿಯನ್ನು ಕೊಯ್ಯುತ್ತದೆಯೇ, ಹುಲ್ಲು ಎಷ್ಟು ಎತ್ತರ ಬಿಡುತ್ತದೆ, ಗಂಟೆಗೆ ಎಷ್ಟು ಡೀಸೆಲ್ ಕುಡಿಯುತ್ತದೆ, ಬೆಲ್ಟು ಹರಿದರೆ ಯಲಹಂಕದಲ್ಲೇ ಸಿಗುತ್ತದೋ ಜೆ.ಸಿ. ರಸ್ತೆಗೆ ಓಡಬೇಕೋ, ಇದನ್ನೆಲ್ಲ ಬಾಯಿಬಿಟ್ಟು ಕೇಳಿ ಬರೆದುಕೊಳ್ಳಿ. ಕಂಪನಿ ಎಷ್ಟು ವರ್ಷದಿಂದ ಇದೆ ಅಂತಲೂ ಕೇಳಿ. ನಮ್ಮ ಜಾಲಹಳ್ಳಿಯಲ್ಲಿ ಹುಟ್ಟಿದ ಎಚ್.ಎಂ.ಟಿ.ಯಂಥ ಎಚ್.ಎಂ.ಟಿ.ಯ ಟ್ರ್ಯಾಕ್ಟರ್ ವಿಭಾಗವೇ 2016ರಲ್ಲಿ ಮುಚ್ಚಿತು. ನಿನ್ನೆ ಮೊನ್ನೆ ಹುಟ್ಟಿದ ಕಂಪನಿಯ ಬಿಡಿಭಾಗ ಹತ್ತು ವರ್ಷದ ಮೇಲೆ ಎಲ್ಲಿ ಹುಡುಕುವುದು? ಬಸ್ಸಿಗೆ ಬರುವವರು ಹೆಸರು ಕೊಡಲು ಪುಸ್ತಕವೊಂದು ಕಾರ್ಯದರ್ಶಿಗಳ ಮೇಜಿನ ಮೇಲಿದೆ. ಅದೇ ಪುಸ್ತಕದ ಹಿಂದಿನ ಪುಟದಲ್ಲಿ ತಮ್ಮ ತಮ್ಮ ಸರ್ವೆ ನಂಬರು, ಈ ವರ್ಷ ಬಿತ್ತಿದ ತಾರೀಖು, ಅಕ್ಕಡಿ ಹಾಕಿದ್ದಾರೋ ಇಲ್ಲವೋ, ಇಷ್ಟನ್ನು ಊಟಕ್ಕೆ ಹೋಗುವ ಮುಂಚೆ ಬರೆಸಿ ಹೋಗಬೇಕೆಂದು ಎಲ್ಲರಲ್ಲೂ ಕೋರುತ್ತೇವೆ.